ಗಾಲ್ಫ್ ಚೆಂಡೂ ನಮ್ಮ ಮೇಷ್ಟ್ರ ಮಸಿಯೂ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಓದಿದವನು, ಸಾಫ್ಟ್‌ವೇರಿನಲ್ಲಿದ್ದೀಯ, ಕಂಪ್ಯೂಟರ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡಪ್ಪ" ಅಂದರು. ಕಂಪ್ಯೂಟರ್ ವಿಷಯ ಈಗ ನನಗಿಂತ ನಿಮ್ಮ ಮಕ್ಕಳಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ನಾನು ಬೇರೆಯದೇ ಒಂದು ವಸ್ತು ತಂದಿದ್ದೇನೆ. ನೋಡಿ, ಇದು ಗಾಲ್ಫ್ ಚೆಂಡು. ಮುಂದಿನ ಸಾಲಿನ ಮಕ್ಕಳಿಗೆ ಕೊಡುತ್ತೇನೆ, ಮುಟ್ಟಿ ನೋಡಿ ಹಿಂದಕ್ಕೆ ಕಳಿಸಿ. ಕೊನೆಯ ಸಾಲಿನಿಂದ ವಾಪಸ್ಸು ಬರಬೇಕು, ಯಾರ ಜೇಬಿಗೂ ಹೋಗಬಾರದು.

ಗಾಲ್ಫ್ ನಮ್ಮ ಆಟವಲ್ಲ ಎಂದು ನನಗೆ ಗೊತ್ತು. ಹದಿನೆಂಟು ಕುಳಿಗಳ ಒಂದು ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ಜಾಗ ಬೇಕು. ನಾವು ಎರಡು ಗುಂಟೆ ಬದುವಿಗೆ ತಾಲ್ಲೂಕು ಕಚೇರಿ ಅಲೆಯುವವರು. ಬೆಂಗಳೂರಿನಲ್ಲಿ 1876ರಿಂದಲೂ ಒಂದು ಗಾಲ್ಫ್ ಕ್ಲಬ್ ಇದೆ. ಬಿ.ಇ. ಓದುವಾಗ ನಾಲ್ಕು ವರ್ಷ ಅದರ ಬೇಲಿಯ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡಿದೆ. ಒಳಗೆ ಏನು ನಡೆಯುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಆದರೆ ವಿಧಿ ನೋಡಿ, ನಾನು ಸೇರಿದ ಎರಡನೆಯ ಕಂಪನಿಯಲ್ಲಿ ನನ್ನ ಪಾಲಿಗೆ ಬಂದ ಕೆಲಸವೇ ಗಾಲ್ಫ್. ಒಂದು ಕೋಣೆ, ಎದುರಿಗೆ ಬಲೆ, ಬಲೆಯ ಹಿಂದೆ ದೊಡ್ಡ ಪರದೆ. ಆಟಗಾರ ಬಲೆಗೆ ಚೆಂಡು ಹೊಡೆಯುತ್ತಾನೆ. ಕ್ಯಾಮೆರಾಗಳು ಕೋಲನ್ನೂ ಚೆಂಡನ್ನೂ ಅಳೆಯುತ್ತವೆ. ಬಲೆ ಇಲ್ಲದಿದ್ದರೆ ಆ ಚೆಂಡು ಎಲ್ಲಿಗೆ ಹೋಗಿ ಬೀಳುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸಬೇಕು. ಆ ಲೆಕ್ಕದ ಪ್ರೋಗ್ರಾಂ ನನ್ನದು. ಆವತ್ತಿನವರೆಗೆ ನಾನು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವನಲ್ಲ. ಹಿಡಿದಿದ್ದು ಚಿನ್ನಿದಾಂಡಿನ ದಾಂಡು ಮಾತ್ರ.

ಆ ಕೆಲಸದಲ್ಲಿ ನಾನೊಂದು ತಪ್ಪು ಮಾಡಿದೆ. ಇವತ್ತು ಹೇಳಬೇಕೆಂದು ಬಂದಿರುವುದು ಅದನ್ನೇ. ಆದರೆ ತಪ್ಪು ಏನೆಂದು ತಿಳಿಯಬೇಕಾದರೆ ಚೆಂಡು ಹೇಗೆ ಹಾರುತ್ತದೆ ಎಂದು ಮೊದಲು ತಿಳಿಯಬೇಕು. ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ.

ಮೊದಲು ಕೋಲು ಬೀಸುವುದನ್ನು ನೋಡೋಣ. ಟಿ.ವಿ.ಯಲ್ಲಿ ನೋಡಿದವರಿಗೆ ಗಾಲ್ಫ್ ಆಟಗಾರ ತೋಳಿನ ಬಲದಿಂದ ಹೊಡೆಯುತ್ತಾನೆ ಅನ್ನಿಸುತ್ತದೆ. ಹಾಗಲ್ಲ. ಉಳುವಾಗ ಹಿಡಿಯುವ ಬಾರುಕೋಲನ್ನು ನೆನೆಸಿಕೊಳ್ಳಿ. ಕೋಲು ಮೊದಲು ಮುಂದೆ ಹೋಗುತ್ತದೆ, ಬಾರು ಹಿಂದೆ ಉಳಿಯುತ್ತದೆ. ಕೈ ನಿಧಾನವಾಗುತ್ತಿದ್ದ ಹಾಗೆ ಹಿಂದೆ ಉಳಿದಿದ್ದ ಬಾರು ರಪ್ಪನೆ ಮುಂದಕ್ಕೆ ಬರುತ್ತದೆ, ಛಟೀರ್ ಎನ್ನುತ್ತದೆ. ಗಾಲ್ಫ್ ಬೀಸೂ ಅಷ್ಟೆ. ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ತೋಳು, ಎಲ್ಲಕ್ಕಿಂತ ಕೊನೆಗೆ ಮಣಿಕಟ್ಟು ಬಿಚ್ಚಿಕೊಂಡು ಕೋಲಿನ ತಲೆ ಬರುತ್ತದೆ. ಒಂದೊಂದು ಭಾಗವೂ ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸುತ್ತದೆ. ತೋಳು ಮತ್ತು ಕೋಲನ್ನು ಒಂದಕ್ಕೊಂದು ಕೀಲು ಹಾಕಿದ ಎರಡು ಲೋಲಕಗಳಂತೆ ಭಾವಿಸಿ ಲೆಕ್ಕ ಹಾಕಬಹುದು ಎಂದು ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬವರು 1968ರಲ್ಲೇ ಒಂದು ಪುಸ್ತಕದಲ್ಲಿ ವಿವರಿಸಿದ್ದಾರೆ. ಮಣಿಕಟ್ಟನ್ನು ಬೇಗ ಬಿಚ್ಚಿದರೆ ವೇಗವೆಲ್ಲ ಚೆಂಡಿಗೆ ತಲುಪುವ ಮೊದಲೇ ಖರ್ಚಾಗುತ್ತದೆ. ಬಲವಿರುವ ಹೊಸಬ ಮುಕ್ಕಿ ಹೊಡೆದರೂ ಚೆಂಡು ದೂರ ಹೋಗದಿರುವುದು, ಸಣಕಲು ಹುಡುಗಿ ಸಲೀಸಾಗಿ ಬೀಸಿದರೂ ದೂರ ಹೋಗುವುದು ಇದರಿಂದಲೇ.

ಪುರುಷರ ದೊಡ್ಡ ಪಂದ್ಯಗಳಲ್ಲಿ ಆಡುವವರ ಕೋಲಿನ ತಲೆ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ಬರುತ್ತದೆ. ಚೆಂಡು ಹೊರಡುವ ವೇಗ ಅದರ ಒಂದೂವರೆಪಟ್ಟು, 270 ಕಿ.ಮೀ. ಆಸುಪಾಸು. ಹೊಡೆದ ಕೋಲಿಗಿಂತ ಚೆಂಡು ಹೆಚ್ಚು ವೇಗವಾಗಿ ಹೋಗುವುದು ಹೇಗೆ? ಕೋಲಿನ ತಲೆ ಸುಮಾರು 200 ಗ್ರಾಂ. ಚೆಂಡು 46 ಗ್ರಾಮಿನೊಳಗೆ ಇರಬೇಕೆಂಬುದು ನಿಯಮ. ಭಾರದ್ದು ಬಂದು ಹಗುರದ್ದನ್ನು ಗುದ್ದಿದಾಗ, ಚೆಂಡು ಅಮುಕಿಕೊಂಡು ಮತ್ತೆ ಹಿಗ್ಗಿ ತಾನೇ ಕೋಲನ್ನು ಒದ್ದು ಹೊರಡುತ್ತದೆ. ಮಕ್ಕಳೆ, ಸಂವೇಗದ ನಿಯಮ ಇಲ್ಲಿ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಕೇಳಿ. ಕೋಲೂ ಚೆಂಡೂ ಒಂದಕ್ಕೊಂದು ತಾಗಿಕೊಂಡಿರುವ ಸಮಯ ಎಷ್ಟು? ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು. ಹೊಡೆತದ ಅನುಭವ ಕೈಯಿಂದ ಮಿದುಳಿಗೆ ಮುಟ್ಟುವ ಹೊತ್ತಿಗೆ ಚೆಂಡು ಹೊರಟುಹೋಗಿ ಆಗಿದೆ. ಅಂದರೆ ತಾಗುವ ಗಳಿಗೆಯಲ್ಲಿ ಯಾರೂ ಏನನ್ನೂ ತಿದ್ದಲಾರರು. ಚೆಂಡಿಗೆ ನಿಮ್ಮ ನಿಲುವು ಗೊತ್ತಿಲ್ಲ, ನಿಮ್ಮ ಶೈಲಿ ಗೊತ್ತಿಲ್ಲ, ನಿಮ್ಮ ಕೋಲಿನ ಬೆಲೆ ಗೊತ್ತಿಲ್ಲ. ಆ ಗಳಿಗೆಯಲ್ಲಿ ಅದಕ್ಕೆ ಗೊತ್ತಾಗುವುದು ಐದೇ ಸಂಗತಿ. ಕೋಲಿನ ತಲೆ ಎಷ್ಟು ವೇಗವಾಗಿ ಬಂತು, ಯಾವ ದಾರಿಯಲ್ಲಿ ಎಡದಿಂದಲೋ ಬಲದಿಂದಲೋ ಬಂತು, ಮೇಲಿನಿಂದ ಇಳಿಯುತ್ತಾ ಬಂತೋ ಏರುತ್ತಾ ಬಂತೋ, ಅದರ ಮುಖ ಯಾವ ಕಡೆ ನೋಡುತ್ತಿತ್ತು, ಮುಖದ ಯಾವ ಜಾಗ ತಾಗಿತು. ಬೀಸಿನ ಉಳಿದೆಲ್ಲ ವಿದ್ಯೆಯೂ ಈ ಐದನ್ನು ಸರಿಯಾಗಿ ತರುವುದಕ್ಕೆ ಮಾತ್ರ.

ಈಗ ಚೆಂಡಿನ ಮೈಮೇಲಿನ ಕುಳಿಗಳಿಗೆ ಬರೋಣ. ಕೈಗೆ ಸಿಕ್ಕಿದವರು ಎಣಿಸುತ್ತಿದ್ದೀರಿ ಅಂತ ಕಾಣುತ್ತದೆ. ಸಾಮಾನ್ಯವಾಗಿ ಮುನ್ನೂರರಿಂದ ಐನೂರರ ಒಳಗೆ ಇರುತ್ತವೆ. ಹಿಂದೆ ಗಟ್ಟಾಪರ್ಚ ಎಂಬ ಮರದ ಹಾಲಿನಿಂದ ಚೆಂಡು ಮಾಡುತ್ತಿದ್ದರು, ಅವು ನಯವಾಗಿದ್ದವು. ಹೊಸ ಚೆಂಡಿಗಿಂತ ಆಡಿ ಆಡಿ ಗೀರು ಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡರು. ಆಮೇಲೆ ಹೊಸ ಚೆಂಡಿಗೇ ಸುತ್ತಿಗೆಯಿಂದ ಗುರುತು ಹೊಡೆಯಲು ಶುರುಮಾಡಿದರು. ಕುಳಿಗಳಿದ್ದರೆ ಚೆಂಡನ್ನು ಬಳಸಿ ಹೋಗುವ ಗಾಳಿ ಅದರ ಬೆನ್ನಿನವರೆಗೂ ಅಂಟಿಕೊಂಡು ಹೋಗುತ್ತದೆ, ಹಿಂದಕ್ಕೆ ಎಳೆಯುವ ಸುಳಿ ಚಿಕ್ಕದಾಗುತ್ತದೆ. ನಯವಾದ ಚೆಂಡು ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಹೋಗುತ್ತದೆ.

ಆದರೆ ಕುಳಿಗಿಂತ ದೊಡ್ಡ ಗುಟ್ಟು ತಿರುಗುವಿಕೆಯದು. ಕೋಲಿನ ಮುಖ ಹಿಂದಕ್ಕೆ ಓರೆಯಾಗಿರುತ್ತದೆ. ಹಾಗಾಗಿ ಚೆಂಡು ಮುಂದಕ್ಕೆ ಹೋಗುತ್ತಾ ಹಿಮ್ಮುಖವಾಗಿ ತಿರುಗುತ್ತದೆ. ಉದ್ದ ಹೊಡೆತದ ಡ್ರೈವರ್ ಕೋಲಿನಲ್ಲಿ ನಿಮಿಷಕ್ಕೆ ಸುಮಾರು 2,700 ಸುತ್ತು. ಏಳನೇ ನಂಬರಿನ ಐರನ್ ಕೋಲಿನಲ್ಲಿ ಸುಮಾರು 7,000 ಸುತ್ತು. ಹೀಗೆ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ತಿರುಗುವ ಟೆನಿಸ್ ಚೆಂಡು ಬಾಗುವುದನ್ನು ನ್ಯೂಟನ್ 1672ರಲ್ಲೇ ಗಮನಿಸಿದ್ದ. 1852ರಲ್ಲಿ ಜರ್ಮನಿಯ ಮ್ಯಾಗ್ನಸ್ ಪ್ರಯೋಗ ಮಾಡಿ ತೋರಿಸಿದ, ಅದಕ್ಕೇ ಮ್ಯಾಗ್ನಸ್ ಪರಿಣಾಮ ಎಂಬ ಹೆಸರು ಬಂತು.

ಗಾಲ್ಫ್ ಚೆಂಡಿಗೆ ಇದನ್ನು ಹೊಂದಿಸಿ ನೋಡಿದವರು ಸ್ಕಾಟ್‌ಲೆಂಡಿನ ಒಬ್ಬ ಮೇಷ್ಟ್ರು. ಪೀಟರ್ ಗಥ್ರಿ ಟೇಟ್ ಅಂತ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರ ಮಗ ಫ್ರೆಡ್ಡಿ ಟೇಟ್ 1896ರಲ್ಲೂ 1898ರಲ್ಲೂ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್. ಮಗ ಹೊಡೆಯುವುದನ್ನು ನೋಡುತ್ತಾ ಅಪ್ಪ ಲೆಕ್ಕ ಹಾಕುತ್ತಿದ್ದರು. ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುವುದು ಅವರ ಲೆಕ್ಕಕ್ಕೆ ಕೂಡಿಬರಲಿಲ್ಲ. ಚೆಂಡು ಹಿಮ್ಮುಖವಾಗಿ ತಿರುಗುತ್ತಿದ್ದರೆ ಮಾತ್ರ ಕೂಡಿಬರುತ್ತದೆ. ಆದರೆ ಚೆಂಡು ತಿರುಗುವುದೆಂದರೆ ಹೊಡೆತದ ದೋಷ ಎಂದೇ ಆಗಿನ ಆಟಗಾರರ ನಂಬಿಕೆ. ಟೇಟ್ ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಚೆಂಡಿಗೆ ತೆಳ್ಳನೆಯ ಲಾಡಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬಿಗಿದು, ಹತ್ತಿರದಿಂದಲೇ ಜೇಡಿಮಣ್ಣಿನ ಗೋಡೆಗೆ ಹೊಡೆಸಿದರು. ಲಾಡಿಯಲ್ಲಿ ಎಷ್ಟು ಹುರಿ ಬಿದ್ದಿದೆ ಎಂದು ಎಣಿಸಿದರು. ಮುಗಿಯಿತು, ಚೆಂಡು ತಿರುಗುತ್ತಿತ್ತು. ಇದು 1890ರ ದಶಕದ ಮಾತು.

ಇದನ್ನು ಮೊದಲ ಸಲ ಓದಿದಾಗ ನಾನು ಕಚೇರಿಯಲ್ಲಿ ಒಬ್ಬನೇ ನಕ್ಕುಬಿಟ್ಟೆ. ಯಾಕೆಂದರೆ ಇಂಥದ್ದೇ ಒಬ್ಬರು ಮೇಷ್ಟ್ರು ನನಗೂ ಇದ್ದರು. ಈಗ ಇಲ್ಲೇ, ವೇದಿಕೆಯ ಎಡತುದಿಯಲ್ಲಿ ಕೂತಿದ್ದಾರೆ.

ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಹಿಂದಿನ ಹುಣಸೆಮರದ ಬಯಲಿನಲ್ಲಿ ಕ್ರಿಕೆಟ್. ನಮ್ಮ ಬೀದಿಯ ಹುಡುಗ ಹಾಕಿದ ಟೆನಿಸ್ ಚೆಂಡು ನೆಲಕ್ಕೆ ಬಿದ್ದು ಒಳಕ್ಕೆ ತಿರುಗಿ ವಿಕೆಟ್ ಹಾರಿಸಿತು. "ಕಲ್ಲಿಗೆ ಬಿದ್ದು ತಿರುಗ್ತು, ಔಟ್ ಇಲ್ಲ" ಎಂದು ಒಂದು ಪಕ್ಷ. "ನನ್ನ ಬೆರಳಲ್ಲಿ ತಿರುಗ್ಸಿದ್ದು" ಎಂದು ಅವನು. ಮಾತಿಗೆ ಮಾತು ಬೆಳೆದು ಅಂಗಿ ಹಿಡಿದುಕೊಳ್ಳುವ ತನಕ ಹೋಯಿತು. ವಿಜ್ಞಾನದ ಮೇಷ್ಟ್ರು ಸೈಕಲ್ ನಿಲ್ಲಿಸಿ ಬಂದರು. ಬೆನ್ನಿಗೆ ಬೀಳುತ್ತದೆ ಅಂದುಕೊಂಡೆವು. ಅವರು ಕಾವಲಿನವನ ಲಾಟೀನು ತರಿಸಿ, ಗಾಜಿನ ಒಳಗಿನ ಮಸಿಯನ್ನು ಎರಡು ತೊಟ್ಟು ಎಣ್ಣೆಯಲ್ಲಿ ಕಲಸಿ, ಚೆಂಡಿನ ಅರ್ಧಭಾಗಕ್ಕೆ ಬಳಿದರು. "ಕೂಗಾಡಿದ್ರೆ ಚೆಂಡಿಗೆ ಕೇಳ್ಸಲ್ಲ ಕಣ್ರೋ. ಗುರುತು ಹಾಕಿ ನೋಡಿ" ಅಂದರು.

ಅವನು ಮತ್ತೆ ಹಾಕಿದ. ಚೆಂಡು ಗಾಳಿಯಲ್ಲಿ ಕಪ್ಪು ಹಸಿರು, ಕಪ್ಪು ಹಸಿರು ಎಂದು ಮಿಟುಕಿಸುತ್ತಾ ಬಂತು. ನಾನು ಹಾಕಿದೆ. ಕಪ್ಪು ಭಾಗ ಅಲುಗದೆ ಹಾಗೇ ಬಂತು. ಜಗಳ ಅಲ್ಲಿಗೇ ನಿಂತಿತು. ಎಲ್ಲರ ಬಿಳಿ ಅಂಗಿಯೂ ಕಪ್ಪಾಗಿ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಮಾತು. ಮೇಷ್ಟ್ರೆ, ನಿಮಗೆ ಇದು ನೆನಪಿದೆಯೋ ಇಲ್ಲವೋ. ನಾನು ಮರೆತಿಲ್ಲ. ಆದರೆ ಬೇಕಾದ ಹೊತ್ತಿನಲ್ಲಿ ಮೂರು ವಾರ ಮರೆತಿದ್ದೆ, ಅದನ್ನೇ ಹೇಳಲು ಹೊರಟಿದ್ದೇನೆ.

ಬಲಗೈ ಆಟಗಾರನೊಬ್ಬನನ್ನು ತೆಗೆದುಕೊಳ್ಳಿ. ಅವನ ಕೋಲು ಚೆಂಡಿನ ಬಳಿ ಗುರಿಗಿಂತ ಆರು ಡಿಗ್ರಿ ಎಡಕ್ಕೆ ಹೋಗುತ್ತಿದೆ. ಕೋಲಿನ ಮುಖ ಮಾತ್ರ ಗುರಿಗಿಂತ ಎರಡು ಡಿಗ್ರಿ ಬಲಕ್ಕೆ ನೋಡುತ್ತಿದೆ. ಚೆಂಡು ಯಾವ ಕಡೆ ಹೊರಡುತ್ತದೆ? ಎಷ್ಟೋ ವರ್ಷ ಗಾಲ್ಫ್ ಕಲಿಸುವವರು ಹೇಳಿಕೊಂಡು ಬಂದ ಉತ್ತರ: ಕೋಲು ಹೋದ ದಾರಿಯಲ್ಲಿ ಹೊರಟು, ಆಮೇಲೆ ಮುಖ ನೋಡುವ ಕಡೆಗೆ ಬಾಗುತ್ತದೆ. ಕೇಳಲು ಸರಿಯಾಗಿಯೇ ಇದೆ. ನನಗೆ ಕೊಟ್ಟ ಕಡತದಲ್ಲೂ ಹಾಗೇ ಇತ್ತು. ನಾನೂ ಹಾಗೇ ಬರೆದೆ.

ಅದು ತಪ್ಪು. ಕೇರಂ ಆಡಿದವರಿಗೆ ಯಾಕೆಂದು ಥಟ್ಟನೆ ಗೊತ್ತಾಗುತ್ತದೆ. ಸ್ಟ್ರೈಕರ್ ಯಾವ ದಾರಿಯಲ್ಲಿ ಬಂದರೂ ಕಾಯಿ ಹೋಗುವುದು ಬಂದ ದಾರಿಯಲ್ಲಲ್ಲ. ಕಾಯಿಗೆ ಎಲ್ಲಿ ತಾಗಿತೋ ಅಲ್ಲಿಂದ ನೇರವಾಗಿ ತಳ್ಳಿದ ಕಡೆಗೆ ಹೋಗುತ್ತದೆ. ಇಲ್ಲೂ ಚೆಂಡನ್ನು ಮುಖ್ಯವಾಗಿ ತಳ್ಳುವುದು ಕೋಲಿನ ಮುಖ, ಅದು ತಳ್ಳುವುದು ತಾನು ನೋಡುತ್ತಿರುವ ಕಡೆಗೆ. ಕೋಲಿನ ದಾರಿ ಉಜ್ಜುವಿಕೆಯಿಂದ ಸ್ವಲ್ಪ ತನ್ನ ಕಡೆ ಎಳೆಯುತ್ತದೆ, ಅಷ್ಟೆ. ಡ್ರೈವರಿನಲ್ಲಿ ಹೊರಡುವ ದಿಕ್ಕಿನ ನೂರಕ್ಕೆ ಸುಮಾರು 85 ಪಾಲು ಮುಖದ್ದು, ಐರನ್ನಿನಲ್ಲಿ ಸುಮಾರು 75 ಪಾಲು. ನಮ್ಮ ಉದಾಹರಣೆಯ ಚೆಂಡು ಎಡಕ್ಕಲ್ಲ, ಗುರಿಗಿಂತ ಒಂದು ಡಿಗ್ರಿಯಷ್ಟು ಬಲಕ್ಕೇ ಹೊರಡುತ್ತದೆ. ಆಮೇಲೆ ಇನ್ನೂ ಬಲಕ್ಕೆ ಬಾಗುತ್ತದೆ.

ಬಾಗುವುದು ಯಾಕೆ? ಮುಖ ಒಂದು ಕಡೆ, ದಾರಿ ಇನ್ನೊಂದು ಕಡೆ ಆದಾಗ ಚೆಂಡಿನ ತಿರುಗುವ ಅಚ್ಚು ವಾಲುತ್ತದೆ. ಹುಲ್ಲು ಹೇರಿದ ಎತ್ತಿನ ಗಾಡಿ ನೆನೆಸಿಕೊಳ್ಳಿ. ಅಚ್ಚು ಮಟ್ಟವಾಗಿದ್ದರೆ ಹೊರೆ ನೆಟ್ಟಗೆ ನಿಲ್ಲುತ್ತದೆ. ಬಲಗಾಲಿ ಹಳ್ಳಕ್ಕಿಳಿದರೆ ಹೊರೆ ಬಲಕ್ಕೆ ವಾಲುತ್ತದೆ. ಚೆಂಡನ್ನು ಮೇಲಕ್ಕೆತ್ತುವ ಗಾಳಿಯ ಬಲವೂ ಹಾಗೆ. ಅಚ್ಚು ಮಟ್ಟವಾಗಿದ್ದರೆ ನೇರ ಮೇಲಕ್ಕೆ, ಬಲಕ್ಕೆ ವಾಲಿದರೆ ಮೇಲಕ್ಕೂ ಬಲಕ್ಕೂ. ಮುಖಕ್ಕೂ ದಾರಿಗೂ ಅಂತರ ಹೆಚ್ಚಿದಷ್ಟೂ ವಾಲುವುದು ಹೆಚ್ಚು, ಬಾಗುವುದೂ ಹೆಚ್ಚು. ಹೀಗೆ ಬಲಕ್ಕೆ ಬಾಗಿ ಓಡುವುದಕ್ಕೆ ಸ್ಲೈಸ್ ಅನ್ನುತ್ತಾರೆ. ಹೊಸಬರಲ್ಲಿ ಬಹಳ ಮಂದಿಯ ಕಾಯಿಲೆ ಇದು. ಮುಖದ ನಡುವೆ ತಾಗದೆ ತುದಿಗೋ ಹಿಮ್ಮಡಿಗೋ ತಾಗಿದರೂ ಅಚ್ಚು ವಾಲುತ್ತದೆ, ಆ ಲೆಕ್ಕ ಬೇರೆ.

ಮೇಲೆ ಕೆಳಗಿನ ವಿಷಯದಲ್ಲೂ ಇಂಥದೇ ಒಂದು ತಪ್ಪು ತಿಳಿವಳಿಕೆ ಇದೆ. ಚೆಂಡು ಮೇಲೇರಬೇಕಾದರೆ ಕೋಲನ್ನು ಮೇಲಕ್ಕೆ ಎತ್ತಬೇಕು ಎಂದು ಹೊಸಬ ಅಂದುಕೊಳ್ಳುತ್ತಾನೆ. ಎತ್ತಲು ಹೋಗಿ ಚೆಂಡಿನ ನೆತ್ತಿಗೆ ಹೊಡೆಯುತ್ತಾನೆ, ಅದು ನೆಲದ ಮೇಲೆ ಉರುಳುತ್ತದೆ. ಐರನ್ ಕೋಲಿನಲ್ಲಿ ನುರಿತವರು ನಾಲ್ಕು ಡಿಗ್ರಿಯಷ್ಟು ಕೆಳಮುಖವಾಗಿಯೇ ಹೊಡೆಯುತ್ತಾರೆ. ಎತ್ತುವ ಕೆಲಸ ಕೋಲಿನ ಓರೆ ಮುಖದ್ದು.

ಇಷ್ಟು ಪಾಠ. ಈಗ ನನ್ನ ಕಥೆ.

ಪ್ರೋಗ್ರಾಂ ಬರೆದು ಮುಗಿಸಿದ ಮೇಲೆ ಪರೀಕ್ಷೆಗೆಂದು ಒಂದಷ್ಟು ನಿಜವಾದ ಹೊಡೆತಗಳ ಅಳತೆಗಳು ನನ್ನ ಕೈಗೆ ಬಂದವು. ನನ್ನ ಲೆಕ್ಕ ಎಡಕ್ಕೆ ಅನ್ನುತ್ತಿದ್ದ ಕಡೆ ಅಳತೆ ಬಲಕ್ಕೆ ಅನ್ನುತ್ತಿತ್ತು. ಆರು ಡಿಗ್ರಿ ಅಂದರೆ ನೂರು ಮೀಟರಿಗೆ ಹತ್ತು ಮೀಟರಿನ ವ್ಯತ್ಯಾಸ. ನನಗೆ ಕಂಡಿತು. ನಿಯಮವೇ ತಪ್ಪಿರಬಹುದು ಅನ್ನಿಸಿತು. ಮರುದಿನ ವಿದೇಶದ ಗಿರಾಕಿಗಳ ಜೊತೆ ಫೋನಿನಲ್ಲಿ ಸಭೆ. ಅವರು ಗಾಲ್ಫ್ ಆಡಿಕೊಂಡೇ ಬೆಳೆದವರು. ಕೇಳಬೇಕಾದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡೆ. "ಇಸ್" ಬರಬೇಕೋ "ವಾಸ್" ಬರಬೇಕೋ ಎಂದು ನಾನು ನೋಡಿಕೊಳ್ಳುತ್ತಿರುವಾಗಲೇ ಮಾತು ಮುಂದಿನ ವಿಷಯಕ್ಕೆ ಹೋಗಿತ್ತು. ಮುಂದಿನ ವಾರದ ಸಭೆಯಲ್ಲಿ ಕೇಳಿದರೆ "ಹೋದ ವಾರ ಯಾಕೆ ಹೇಳಲಿಲ್ಲ" ಅನ್ನುತ್ತಾರೆ ಎಂಬ ಹೆದರಿಕೆ. ಅದರ ಮುಂದಿನ ವಾರ ಹೆದರಿಕೆ ಇನ್ನೂ ದೊಡ್ಡದಾಯಿತು. ಗಾಲ್ಫ್ ಆಡದವನು ನಾನೊಬ್ಬನೇ, ನನಗೇ ಅರ್ಥವಾಗಿಲ್ಲದಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರದ ನಂತರ ಯಂತ್ರವನ್ನು ತೋರಿಸುವ ದಿನ ಬಂತು. ಅನುಭವಿ ಆಟಗಾರರೊಬ್ಬರು ಬಂದು ಹೊಡೆದರು. ಚೆಂಡು ಬಲೆಯ ಬಲಭಾಗಕ್ಕೆ ಬಡಿದದ್ದನ್ನು ಎಲ್ಲರೂ ನೋಡಿದೆವು. ಪರದೆಯ ಮೇಲೆ ಅದು ಎಡಕ್ಕೆ ಹಾರಿತು. ಅವರು ಮತ್ತೆ ನಾಲ್ಕು ಹೊಡೆದರು. ನಾಲ್ಕೂ ಹಾಗೇ. ಕೋಲು ಒರಗಿಸಿಟ್ಟು, "ನಿಮ್ಮ ಪರದೆ ಸುಳ್ಳು ಹೇಳುತ್ತದೆ" ಎಂದು ಹೇಳಿ ಹೊರಟುಹೋದರು.

ಪರದೆಯ ಭಾಗ ಬರೆದವರು ನಮ್ಮ ತಂಡದ ಒಬ್ಬ ಹುಡುಗಿ. ಸೇರಿ ಆರು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎಡ ಬಲ ಅದಲುಬದಲಾಗಿರುವುದು ಅವಳ ಕಡೆಯೇ ಎಂದು ಎಲ್ಲರೂ ತೀರ್ಮಾನಿಸಿದರು. ಎರಡು ರಾತ್ರಿ ಅವಳು ಕಚೇರಿಯಲ್ಲೇ ಕೂತು ತಾನು ಬರೆದದ್ದನ್ನು ಸಾಲು ಸಾಲಾಗಿ ತಿರುವಿ ಹಾಕಿದಳು, ಇಲ್ಲದ ತಪ್ಪನ್ನು ಹುಡುಕುತ್ತಾ. ನಾನು ಪಕ್ಕದ ಮೇಜಿನಲ್ಲಿದ್ದೆ. ನನಗೆ ಗೊತ್ತಿತ್ತು.

ಎರಡನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಅವಳು ಮನೆಗೆ ಫೋನ್ ಮಾಡಿ, "ಅಮ್ಮ, ಎಲ್ಲಿ ತಪ್ಪಾಗಿದೆ ಅಂತಾನೇ ಗೊತ್ತಾಗ್ತಿಲ್ಲ" ಎಂದು ಕನ್ನಡದಲ್ಲಿ ಹೇಳುವುದು ಕೇಳಿಸಿತು. ಆಗ ಎದ್ದು ಹೋಗಿ ಹೇಳಿದೆ. ಅಳತೆಗಳನ್ನೂ ತೋರಿಸಿದೆ. ಮೂರು ವಾರದಿಂದ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪಾಗಿದ್ದಕ್ಕೆ ಬೇಜಾರಿಲ್ಲ, ನಿಮಗೆ ಗೊತ್ತಿತ್ತಲ್ಲ, ಅದಕ್ಕೆ" ಅಂದಳು.

ಬೆಳಿಗ್ಗೆ ಮೇಲಿನವರಿಗೆ ಹೇಳಿದೆ. ಅವರು ನಂಬಲಿಲ್ಲ. ಕಡತದಲ್ಲಿರುವ ನಿಯಮ ತಪ್ಪಾಗಲು ಸಾಧ್ಯವೇ ಎಂದರು. ವಾದ ಶುರುವಾಯಿತು, ಎಲ್ಲ ಇಂಗ್ಲಿಷಿನಲ್ಲಿ, ನಾನು ಸೋಲುವ ಹಾಗಿತ್ತು. ಆಗ ನೆನಪಾಯಿತು, ಲಾಟೀನಿನ ಮಸಿ. ಹತ್ತು ಚೆಂಡು ತರಿಸಿ ಪೆನ್ನಿನಿಂದ ಸುತ್ತಲೂ ಕಪ್ಪು ಗೆರೆ ಎಳೆದೆ. ಅಭ್ಯಾಸದ ಮೈದಾನಕ್ಕೆ ಹೋಗಿ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾವನ್ನು ನೆತ್ತಿಯ ಮೇಲೆ ನಿಲ್ಲಿಸಿದೆವು. ಕೋಲಿನ ದಾರಿ, ಮುಖ, ಚೆಂಡು ಹೊರಟ ದಿಕ್ಕು, ಕಪ್ಪು ಗೆರೆಯ ಓರೆ, ಎಲ್ಲ ಒಂದೇ ಚಿತ್ರದಲ್ಲಿ ಬಂತು. ಹತ್ತಕ್ಕೆ ಹತ್ತು ಚೆಂಡೂ ಮುಖ ನೋಡಿದ ಕಡೆಗೇ ಹೆಚ್ಚು ವಾಲಿ ಹೊರಟಿದ್ದವು. ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ವ್ಯಾಕರಣದ ಅಗತ್ಯವೇ ಬೀಳಲಿಲ್ಲ. ಆಮೇಲೆ ಹುಡುಕಿ ನೋಡಿದರೆ, ಭೌತಶಾಸ್ತ್ರಜ್ಞರು ಇದನ್ನು ನಮಗಿಂತ ಎಷ್ಟೋ ಮೊದಲೇ ಬರೆದಿದ್ದರು. ರೇಡಾರ್ ಯಂತ್ರಗಳು ಬಂದ ಮೇಲಂತೂ ಗಾಲ್ಫ್ ಕಲಿಸುವವರೂ ಒಪ್ಪಿಕೊಂಡಿದ್ದರು. ನಮ್ಮ ಕಡತ ಮಾತ್ರ ಹಳೆಯದಾಗಿತ್ತು.

ಯಂತ್ರ ಸರಿಯಾಯಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಮಂಗಳೂರಿಗಿಂತ ಇಲ್ಲಿ ಚೆಂಡು ಕೆಲವು ಮೀಟರ್ ಹೆಚ್ಚು ಹೋಗುತ್ತದೆ ಎಂಬುದನ್ನೂ ಅದರಲ್ಲಿ ಸೇರಿಸಿದೆವು. ಆದರೆ ಆ ಹುಡುಗಿ ಎರಡು ತಿಂಗಳಲ್ಲಿ ಬೇರೆ ತಂಡಕ್ಕೆ ಕೇಳಿಕೊಂಡು ಹೋದಳು. ನಾನು ಕ್ಷಮೆ ಕೇಳಿದೆ, ಅವಳು "ಪರವಾಗಿಲ್ಲ ಬಿಡಿ" ಅಂದಳು. ಪರವಾಗಿಲ್ಲ ಅನ್ನುವ ಮಾತಿನಲ್ಲಿ ಎಷ್ಟು ಬಗೆ ಇದೆಯೆಂದು ನಿಮಗೆಲ್ಲ ಗೊತ್ತು.

ಸ್ಲೈಸ್ ಎಂಬ ಕಾಯಿಲೆ ಹೇಗೆ ಬೆಳೆಯುತ್ತದೆ ಎಂಬುದನ್ನು ಹೇಳದೆ ಉಳಿಸಿಕೊಂಡಿದ್ದೆ, ಈಗ ಹೇಳುತ್ತೇನೆ. ಹೊಸಬನ ಚೆಂಡು ಬಲಕ್ಕೆ ಬಾಗುತ್ತದೆ. ಅವನು ಏನು ಮಾಡುತ್ತಾನೆ? ಹೆದರಿ ಇನ್ನೂ ಎಡಕ್ಕೆ ಬೀಸುತ್ತಾನೆ. ಮುಖ ಅಲ್ಲೇ ಬಲಕ್ಕೆ ನೋಡುತ್ತಿದೆ, ದಾರಿ ಮಾತ್ರ ಆರು ಡಿಗ್ರಿಯಿಂದ ಹತ್ತಕ್ಕೆ ಹೋಯಿತು. ಅಂತರ ಎಂಟರಿಂದ ಹನ್ನೆರಡಾಯಿತು. ಚೆಂಡು ಮೊದಲಿಗಿಂತ ಹೆಚ್ಚು ಬಲಕ್ಕೆ ಬಾಗುತ್ತದೆ. ಅವನು ಮತ್ತೂ ಎಡಕ್ಕೆ ಬೀಸುತ್ತಾನೆ. ವರ್ಷಗಟ್ಟಲೆ ಹೀಗೇ ಆಡುವವರಿದ್ದಾರೆ. ತಿದ್ದಬೇಕಾಗಿದ್ದು ಬೀಸನ್ನಲ್ಲ, ಮೊದಲು ಮುಖವನ್ನು. ಹೋಗಿ ಹಿಡಿಯನ್ನು ನೋಡಿಕೊಂಡರೆ ಎಷ್ಟೋ ಸಲ ಸಾಕು.

ಆ ಮೂರು ವಾರ ನಾನು ಮಾಡಿದ್ದೂ ಅದನ್ನೇ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ ಎಂದು ಸುಮ್ಮನಿದ್ದೆ. ಸುಮ್ಮನಿದ್ದರೆ ಇಂಗ್ಲಿಷ್ ಸುಧಾರಿಸಲಿಲ್ಲ, ಹೆದರಿಕೆ ಬೆಳೆಯಿತು, ಇನ್ನಷ್ಟು ಸುಮ್ಮನಾದೆ. ಅದರ ಪೆಟ್ಟು ಬಿದ್ದದ್ದು ನನಗಲ್ಲ, ಪಕ್ಕದ ಮೇಜಿನವಳಿಗೆ.

ಈ ಶಾಲೆಯಿಂದ ಹೊರಗೆ ಹೋಗುವ ಮಕ್ಕಳು ಮುಂದೆ ಕಾಲೇಜಿನಲ್ಲಿ, ಕಚೇರಿಯಲ್ಲಿ ಇಂಥ ಸಭೆಗಳಲ್ಲಿ ಕೂರುತ್ತೀರಿ. ಎಲ್ಲರೂ ತಲೆಯಾಡಿಸುತ್ತಿರುವಾಗ ನಿಮಗೊಬ್ಬರಿಗೆ ಲೆಕ್ಕ ತಪ್ಪಿದ್ದು ಕಾಣಬಹುದು. ಕಂಡರೆ ಹರಕುಮುರುಕು ಭಾಷೆಯಲ್ಲಾದರೂ ಅವತ್ತೇ ಹೇಳಿ. ಬಾಯಿ ಬರದಿದ್ದರೆ ಗುರುತು ಹಾಕಿ ತೋರಿಸಿ. ಇಲ್ಲಿನ ಅಧ್ಯಾಪಕರಲ್ಲೂ ಒಂದು ಕೋರಿಕೆ. ತರಗತಿಯಲ್ಲಿ ತಪ್ಪು ವಾಕ್ಯದಲ್ಲಿ ಸರಿಯಾದ ಪ್ರಶ್ನೆ ಬಂದರೆ, ವಾಕ್ಯವನ್ನು ಆಮೇಲೆ ತಿದ್ದಿ. ನಮ್ಮ ಮೇಷ್ಟ್ರು ಹಾಗೆ ಮಾಡುತ್ತಿದ್ದರು.

ಗಾಲ್ಫ್ ಬಲಾಢ್ಯರ ಆಟ, ಎತ್ತರದವರ ಆಟ ಎಂದು ಯಾರಾದರೂ ಅಂದರೆ ಬೆಂಗಳೂರಿನ ಅದಿತಿ ಅಶೋಕ್ ಹೆಸರು ಹೇಳಿ. 2016ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ದೂರ ಹೊಡೆಯುವುದರಲ್ಲಿ ಅವರು ಅಲ್ಲಿ ಹಿಂದಿದ್ದರು. ಆದರೆ ಚೆಂಡನ್ನು ಕುಳಿಗೆ ಮುಟ್ಟಿಸುವ ಮೆಲು ಹೊಡೆತದಲ್ಲಿ ಅವರು ಎಲ್ಲರನ್ನೂ ಬೆರಗುಗೊಳಿಸಿದರು. ಒಂದು ಡಿಗ್ರಿ ಮುಖ ತಪ್ಪಿದರೆ ಇನ್ನೂರು ಮೀಟರಿಗೆ ಮೂರೂವರೆ ಮೀಟರ್ ತಪ್ಪುವ ಆಟದಲ್ಲಿ ಬಲಕ್ಕಿಂತ ನಿಖರತೆಗೆ ಬೆಲೆ ಹೆಚ್ಚು.

ಕೊನೆಯದಾಗಿ ಒಂದು ಪ್ರಯೋಗ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಈಗ ಎಷ್ಟೋ ಮೊಬೈಲುಗಳಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನ ಚಲನೆಯ ಸೌಲಭ್ಯ ಇದೆ. ಒಂದು ಟೆನಿಸ್ ಚೆಂಡಿನ ಅರ್ಧಕ್ಕೆ ಮಸಿ ಬಳಿಯಿರಿ. ಒಬ್ಬ ಬೆರಳಿನಿಂದ ತಿರುಗಿಸಿ ಹಾಕಲಿ, ಇನ್ನೊಬ್ಬ ಪಕ್ಕದಿಂದ ಚಿತ್ರ ತೆಗೆಯಲಿ. ಕಪ್ಪು ಭಾಗ ಒಂದು ಸುತ್ತು ಬರಲು ಎಷ್ಟು ಚಿತ್ರ ಹಿಡಿಯಿತು ಎಂದು ಎಣಿಸಿ. ಹನ್ನೆರಡು ಚಿತ್ರ ಹಿಡಿದರೆ 240ನ್ನು ಹನ್ನೆರಡರಿಂದ ಭಾಗಿಸಿ, ಸೆಕೆಂಡಿಗೆ ಇಪ್ಪತ್ತು ಸುತ್ತು. ಟೇಟ್ ಮೇಷ್ಟ್ರು ಲಾಡಿ ಕಟ್ಟಿ ಎಣಿಸಿದ್ದನ್ನು ನೀವು ಹುಣಸೆಮರದ ಕೆಳಗೆ ಎಣಿಸಬಹುದು. ಇವತ್ತು ಸಂಜೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮೊದಲು ನಾನು ಅಲ್ಲೇ ಇರುತ್ತೇನೆ, ಬನ್ನಿ. ಟೆನಿಸ್ ಚೆಂಡು ತಂದಿದ್ದೇನೆ. ಲಾಟೀನು ಈಗ ಸಿಗುವುದಿಲ್ಲ, ಮಸಿಗೆ ಯಾರ ಮನೆಯ ಸೌದೆ ಒಲೆಯ ಪಾತ್ರೆಯಾದರೂ ಸಾಕು. ಅಂಗಿ ಕಪ್ಪಾದರೆ ಮನೆಯಲ್ಲಿ ನನ್ನ ಹೆಸರು ಹೇಳಿ.

ನಮ್ಮ ತಂಡದ ಗೆಳೆಯರೆಲ್ಲ ಸೇರಿ ವಿಜ್ಞಾನದ ಕೊಠಡಿಗೆ ಒಂದು ಬೀರು ಮಾಡಿಸಿಕೊಟ್ಟಿದ್ದೇವೆ. ಆ ಗಾಲ್ಫ್ ಚೆಂಡು ಕೊನೆಯ ಸಾಲಿನಿಂದ ವಾಪಸ್ಸು ಬಂದರೆ ಅದನ್ನು ಅದರಲ್ಲಿ ಇಡಬೇಕೆಂದಿದ್ದೇನೆ. ಮೇಷ್ಟ್ರು ತಮ್ಮ ಕೈಯಿಂದಲೇ ಅರ್ಧಕ್ಕೆ ಮಸಿ ಬಳಿದುಕೊಟ್ಟರೆ ನನಗೆ ಸಂತೋಷ.